ಮೊದಲು ಕೆಲಸಕ್ಕೆ ಸೇರಿ, ಗಾಲ್ಫ್ ತಾನಾಗಿಯೇ ಕೈಹತ್ತುತ್ತದೆ

[ದೃಶ್ಯ: ಬೆಳಗಿನ ಜಾವ. ಗಾಲ್ಫ್ ಮೈದಾನದಲ್ಲಿ ಇಬ್ಬನಿ ಬಿದ್ದ ಗ್ರೀನ್, ಅಂದರೆ ಕುಳಿಯ ಸುತ್ತಲಿನ ಗಿಡ್ಡ ಹುಲ್ಲಿನ ಜಾಗ. ಕೆಲಸಗಾರನೊಬ್ಬ ಮಂಡಿಯೂರಿದ್ದಾನೆ.]

ಆಟಗಾರರು ಬರಲು ಇನ್ನೂ ಸಮಯವಿದೆ. ಈತನ ಕೈಗಳನ್ನು ಗಮನಿಸಿ. ಕೊಳವೆಯಂತಹ ಕಟ್ಟರನ್ನು ಹುಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ತಿರುಗಿಸುತ್ತಾ ಒಳಕ್ಕೆ ಇಳಿಸುತ್ತಾನೆ. ಮೇಲೆತ್ತಿದಾಗ ಹುಲ್ಲು, ಬೇರು, ಮಣ್ಣು ಸಮೇತ ಒಂದು ಹೆಂಟೆ ಹೊರಬರುತ್ತದೆ. ಅದರಿಂದಲೇ ನಿನ್ನೆಯ ಕುಳಿಯನ್ನು ಮುಚ್ಚಿ, ಅದುಮಿ, ಅಂಚು ಸುತ್ತಲಿನ ಹುಲ್ಲಿಗೆ ಸಮವಾಗಿದೆಯೇ ಎಂದು ಬೆರಳಾಡಿಸಿ ನೋಡುತ್ತಾನೆ. ಹೊಸ ಕುಳಿಯೊಳಗೆ ಕಪ್ ಇಳಿಸಿ ಬಾವುಟ ನೆಡುತ್ತಾನೆ. ಪ್ರಪಂಚದ ಯಾವ ಮೈದಾನಕ್ಕೆ ಹೋದರೂ ಆ ಕುಳಿಯ ಅಗಲ 4.25 ಇಂಚು.

ಗಾಲ್ಫ್ ಕ್ಷೇತ್ರದಲ್ಲಿ ಕೆಲಸ ಮಾಡುವ ಆಸೆಯಿದ್ದೂ, ‘ಆಟವೇ ಬರುವುದಿಲ್ಲವಲ್ಲ’ ಎಂದು ಹಿಂಜರಿಯುವವರಿಗಾಗಿ ಈ ವಿಡಿಯೋ. ಚೆಂಡು ಎತ್ತ ಉರುಳುತ್ತದೆ ಎಂಬುದು ಕುಳಿ ತೋಡುವ ಈ ಕೆಲಸಗಾರನಿಗೆ ಚೆನ್ನಾಗಿ ಗೊತ್ತು. ಕುಳಿಗೆ ಜಾಗ ಹುಡುಕುವಾಗ ದಿನವೂ ಆ ಇಳಿಜಾರನ್ನು ಪಾದದಿಂದಲೇ ಅಳೆದಿರುತ್ತಾನೆ. ಹಣ ಕೊಟ್ಟು ಪಾಠ ಹೇಳಿಸಿಕೊಂಡರೂ ಬೇಗನೆ ದಕ್ಕದ ವಿದ್ಯೆ ಅದು.

[ದೃಶ್ಯ: ಕ್ಯಾಡಿ, ಅಂದರೆ ಆಟಗಾರನ ಬ್ಯಾಗ್ ಹೊರುವ ಸಹಾಯಕ. ಹಳೆಯ ಕಪ್ಪು ಬಿಳುಪು ಚಿತ್ರ.]

1913ರಲ್ಲಿ ಅಮೆರಿಕದ ದೊಡ್ಡ ಗಾಲ್ಫ್ ಟೂರ್ನಿ ಯು.ಎಸ್. ಓಪನ್ ಗೆದ್ದ ಫ್ರಾನ್ಸಿಸ್ ವಿಮೆಟ್‌ಗೆ ಆಗ ಇಪ್ಪತ್ತು ವರ್ಷ, ಹವ್ಯಾಸಿ ಆಟಗಾರ. ಆ ಟೂರ್ನಿ ನಡೆದ ಬ್ರುಕ್‌ಲೈನ್‌ನ ಮೈದಾನದಲ್ಲೇ ಹುಡುಗನಾಗಿದ್ದಾಗ ಕ್ಯಾಡಿಯಾಗಿ ದುಡಿದಿದ್ದವರು. ಅಂದು ಅವರ ಬ್ಯಾಗ್ ಹೊತ್ತ ಎಡ್ಡಿ ಲೋವರಿಗೆ ಬರೀ ಹತ್ತು ವರ್ಷ! ಮುಂದೆ ಹೆಸರಾಂತ ಆಟಗಾರರಾದ ಬೆನ್ ಹೋಗನ್, ಬೈರನ್ ನೆಲ್ಸನ್ ಇಬ್ಬರೂ ಬಾಲ್ಯದಲ್ಲಿ ಒಂದೇ ಕ್ಲಬ್ಬಿನ ಕ್ಯಾಡಿಗಳು. ಇದು ಬರೀ ಕಾಕತಾಳೀಯ ಎಂದು ನನಗನ್ನಿಸುವುದಿಲ್ಲ. ದಿನಕ್ಕೆ ಹದಿನೆಂಟು ಹೋಲ್ (ಕುಳಿ) ನಡೆದು ನೂರಾರು ಹೊಡೆತಗಳನ್ನು ಹತ್ತಿರದಿಂದ ಕಂಡವರ ಕಣ್ಣು ಪಳಗದೇ ಇರುತ್ತದೆಯೇ?

ಹುಲ್ಲು ನೋಡಿಕೊಳ್ಳುವುದು, ಕ್ಯಾಡಿ ಕೆಲಸ ಎರಡೇ ಅಲ್ಲ. ಅಭ್ಯಾಸದ ರೇಂಜ್, ಸಾಮಗ್ರಿ ಮಳಿಗೆ, ಟೂರ್ನಿ ನಿರ್ವಹಣೆ, ಆಟಗಾರನ ಮೈಕಟ್ಟಿಗೆ ತಕ್ಕಂತೆ ಕ್ಲಬ್ಬಿನ (ಚೆಂಡು ಹೊಡೆಯುವ ಕೋಲಿನ) ಉದ್ದ, ಕೋನ ಹೊಂದಿಸಿಕೊಡುವ ಫಿಟ್ಟಿಂಗ್, ಹೀಗೆ ಬಾಗಿಲುಗಳು ಹಲವು. ಆರಂಭದಲ್ಲಿ ಸಂಬಳ ದೊಡ್ಡದಿರುವುದಿಲ್ಲ, ರಜೆಯ ದಿನಗಳಲ್ಲೇ ಕೆಲಸ ಹೆಚ್ಚು. ಬಿಡುವಿನ ವೇಳೆ ಸಿಬ್ಬಂದಿಗೆ ಆಡಲು ಅವಕಾಶವಿದೆಯೇ ಎಂದು ಸೇರುವಾಗಲೇ ಕೇಳಿಬಿಡಿ. ಸಂಕೋಚ ಬೇಡ.

ಒಂದು ಗೊಂದಲವನ್ನು ಇಲ್ಲೇ ಬಿಡಿಸುತ್ತೇನೆ. ಪಿಜಿಎ (ವೃತ್ತಿಪರ ಗಾಲ್ಫ್ ಆಟಗಾರರ ಸಂಘ) ಎಂದರೆ ಟಿವಿಯಲ್ಲಿ ಕಾಣುವ ಆಟಗಾರರು ಮಾತ್ರ ಎಂದುಕೊಂಡವರು ಬಹಳ. 1916ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪಿಜಿಎ ಇಂದು ಮುಖ್ಯವಾಗಿ ಆಟ ಕಲಿಸುವವರ, ಕ್ಲಬ್ ನಡೆಸುವವರ ಸಂಘ. ಟೂರ್ನಿಯಿಂದ ಟೂರ್ನಿಗೆ ಆಡುತ್ತಾ ಹೋಗುವ ಟೂರ್ ಆಟಗಾರರು 1968ರಲ್ಲಿ ಅದರಿಂದ ಬೇರೆಯಾದರು. ಆದ್ದರಿಂದ ಗಾಲ್ಫ್ ‘ಪ್ರೊ’ ಆಗಲು ಟೂರ್ನಿ ಗೆಲ್ಲಲೇಬೇಕೆಂದಿಲ್ಲ.

[ದೃಶ್ಯ: ಚೆಂಡನ್ನು ಕುಳಿಗೆ ಉರುಳಿಸುವ ಕ್ಲಬ್ ಆದ ಪಟರ್, ಚೆಂಡು, ಮೂರಡಿ ದೂರದಲ್ಲಿ ಕುಳಿ.]

ಇನ್ನು ಆಟ. ಎಲ್ಲರೂ ದೂರ ಹೊಡೆಯುವ ಕ್ಲಬ್ ಆದ ಡ್ರೈವರ್ ಹಿಡಿದು ಜೋರಾಗಿ ಬೀಸುವುದರಿಂದ ಆರಂಭಿಸುತ್ತಾರೆ. ನಾನು ಹೇಳುವುದು ಉಲ್ಟಾ: ಕುಳಿಯ ಪಕ್ಕದಿಂದ ಶುರುಮಾಡಿ ಹಿಂದಕ್ಕೆ ಬನ್ನಿ. ಮೊದಲು ಮೂರಡಿಯ ಪಟ್ (ಉರುಳಿಸುವ ಹೊಡೆತ), ಆಮೇಲೆ ಗ್ರೀನ್ ಅಂಚಿನಿಂದ ಚಿಪ್ (ಚೆಂಡನ್ನು ತುಸು ಎತ್ತಿ ಕಳಿಸುವ ಹೊಡೆತ), ಕೊನೆಗೆ ದೂರದ ಹೊಡೆತ. ಬ್ಯಾಗಿನಲ್ಲಿ ಹದಿನಾಲ್ಕು ಕ್ಲಬ್ ಇಟ್ಟುಕೊಳ್ಳಲು ನಿಯಮ ಬಿಡುತ್ತದೆ ನಿಜ, ಕಲಿಯುವವರಿಗೆ ಆರೇಳು ಧಾರಾಳ. ಆಟಗಾರನ ಮಟ್ಟ ನೋಡಿ ಹೊಡೆತಗಳ ರಿಯಾಯಿತಿ ಕೊಡುವುದೇ ಹ್ಯಾಂಡಿಕ್ಯಾಪ್; 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಅದರ ಗರಿಷ್ಠ ಮಿತಿ ಹದಿನೆಂಟು ಹೋಲ್‌ಗೆ 54. ಅಂದರೆ ಹೊಸಬರಿಗೆ ಹೋಲ್‌ಗೆ ಸುಮಾರು ಮೂರು ಹೊಡೆತಗಳ ರಿಯಾಯಿತಿ. ನುರಿತವರ ಜೊತೆ ಆಡಲು ಇಷ್ಟು ಸಾಕು.

[ದೃಶ್ಯ: ಗ್ರೀನ್ ಮೇಲೆ ಚೆಂಡು ಬಿದ್ದು ಆದ ಗುಳಿ.]

ಮೊದಲ ದಿನವೇ ಕಲಿಯಬೇಕಾದ ಕೆಲಸ ಇದು. ಮೇಲಿನಿಂದ ಬಿದ್ದ ಚೆಂಡು ಗ್ರೀನ್ ಮೇಲೆ ಗುಳಿ ಮಾಡುತ್ತದೆ. ಅದರ ಅಂಚಿಗೆ ಪುಟ್ಟ ಕವಲು ಉಪಕರಣ ಚುಚ್ಚಿ ಹುಲ್ಲನ್ನು ನಡುವಿಗೆ ನೂಕಿ. ಅಡಿಯಿಂದ ಮೀಟಿದರೆ ಬೇರು ಕಿತ್ತು ಹುಲ್ಲು ಒಣಗುತ್ತದೆ. ಸುತ್ತಲೂ ನೂಕಿದ ಮೇಲೆ ಪಟರ್‌ನಿಂದ ಮೆಲ್ಲಗೆ ತಟ್ಟಿ. ನಾಳೆ ಬೆಳಗ್ಗೆ ಕಟ್ಟರ್ ಹಿಡಿದು ಬರುವಾತನಿಗೆ ಒಂದು ಕೆಲಸ ಕಡಿಮೆಯಾಗುತ್ತದೆ.