ಗೇಟು ಮುಚ್ಚಿದ ಮೇಲೂ ಕಾಲುದಾರಿ ಇರುತ್ತದೆ

ಎಲ್ಲರಿಗೂ ನಮಸ್ಕಾರ.

ಜರ್ಮನಿಯ ಕಾನ್‌ಸ್ಟಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ಕ್ರಾಯ್ಟ್ಸ್‌ಲಿಂಗೆನ್ ಒಂದಕ್ಕೊಂದು ಅಂಟಿಕೊಂಡಿರುವ ಊರುಗಳು. ದೇಶ ಎರಡು, ಆದರೆ ಬೀದಿಗಳು ಒಂದರೊಳಗೊಂದು ಸೇರಿಹೋಗಿವೆ. 2020ರ ಮಾರ್ಚ್‌ನಲ್ಲಿ, ಕೋವಿಡ್ ತಡೆಯಲು ಅಂತ, ಆ ಊರುಗಳ ನಡುವೆ ತಂತಿ ಬೇಲಿ ಎದ್ದಿತು. ಜನ ಎರಡೂ ಕಡೆಯಿಂದ ಬಂದು ಬೇಲಿ ಹಿಡಿದು ನಿಂತರು. ಸಂದಿಯಲ್ಲಿ ಬೆರಳು ತೂರಿಸಿ ಒಬ್ಬರನ್ನೊಬ್ಬರು ಮುಟ್ಟಿದರು. ಅದನ್ನು ನೋಡಿದ ಆಡಳಿತ ಎರಡು ಮೀಟರ್ ದೂರಕ್ಕೆ ಇನ್ನೊಂದು ಬೇಲಿ ಹಾಕಿಸಿತು. ಮೇ ತಿಂಗಳ ಮಧ್ಯದವರೆಗೂ ಅಲ್ಲಿ ಬೇಲಿ ಇತ್ತು.

ಆ ಎರಡನೇ ಬೇಲಿ ನನ್ನ ತಲೆಯಿಂದ ಹೋಗುವುದೇ ಇಲ್ಲ. ಅದೇ ದಿನಗಳಲ್ಲಿ ಅದೇ ಗಡಿಯಲ್ಲಿ ಲಾರಿಗಳು ಓಡಾಡುತ್ತಿದ್ದವು. ಆಚೆ ಕೆಲಸವಿದ್ದವರು ಕಾಗದ ತೋರಿಸಿ ದಿನಾ ಹೋಗಿ ಬರುತ್ತಿದ್ದರು. ಮದುವೆಯಾಗದ ಜೋಡಿಗಳಿಗೆ ಮಾತ್ರ ತೋರಿಸಲು ಯಾವ ಕಾಗದವೂ ಇರಲಿಲ್ಲ. ವೈರಸ್‌ಗೆ ಈ ವ್ಯತ್ಯಾಸ ಗೊತ್ತಾಗುತ್ತಾ? ಇಲ್ಲ ಅಲ್ವಾ. ಯಾರು ದಾಟಬಹುದು, ಯಾರು ದಾಟಬಾರದು ಅಂತ ತೀರ್ಮಾನ ಮಾಡಿದ್ದು ಮನುಷ್ಯರು. ಹಾಗಾಗಿ ಆ ತೀರ್ಮಾನವನ್ನು ನಾವು ಪ್ರಶ್ನಿಸಬಹುದು, ಮುಂದಿನ ಸಲಕ್ಕೆ ತಿದ್ದಿಕೊಳ್ಳಲೂಬಹುದು. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇದೇ: ಸಾಂಕ್ರಾಮಿಕ ರೋಗ ಬಂದಾಗ ನೆಲದ ಗಡಿಯನ್ನು ಏನು ಮಾಡಬೇಕು?

ಈ ಪ್ರಶ್ನೆ ತುಂಬಾ ಹಳೆಯದು. ಇಂದಿನ ಕ್ರೊಯೇಷಿಯಾದ ಡುಬ್ರೊವ್ನಿಕ್ ಆಗ ರಗೂಸಾ ಅನ್ನುವ ವ್ಯಾಪಾರದ ಊರು. 1377ರಲ್ಲಿ ಅದು ಒಂದು ಕಾನೂನು ಮಾಡಿತು. ಪ್ಲೇಗ್ ಇರುವ ಕಡೆಯಿಂದ ಬಂದವರು ನೇರವಾಗಿ ಊರೊಳಗೆ ಬರುವಂತಿಲ್ಲ. ಮೊದಲು ಒಂದು ತಿಂಗಳು ಮ್ರ್ಕಾನ್ ಅನ್ನುವ ಪುಟ್ಟ ದ್ವೀಪದಲ್ಲೋ, ತ್ಸಾವ್ತಾತ್ ಅನ್ನುವ ಪಕ್ಕದ ಊರಲ್ಲೋ ಇರಬೇಕು. ಹಡಗಿನಲ್ಲಿ ಬಂದವರಿಗೆ ದ್ವೀಪ, ನೆಲದ ದಾರಿಯಲ್ಲಿ ಬಂದವರಿಗೆ ಆ ಊರು. ಮುಂದೆ ಬೇರೆ ಊರುಗಳಲ್ಲಿ 30 ದಿನ 40 ಆಯಿತು. ಇಟಾಲಿಯನ್ ಭಾಷೆಯ ನಲವತ್ತರಿಂದಲೇ ಕ್ವಾರಂಟೈನ್ ಅನ್ನುವ ಮಾತು ಬಂತು.

ಗಮನಿಸಿ, ರಗೂಸಾ ಬಾಗಿಲು ಹಾಕಿಕೊಂಡು ಕೂರಲಿಲ್ಲ. ವ್ಯಾಪಾರ ನಿಂತರೆ ಊರು ಬದುಕುವುದಿಲ್ಲ ಅಂತ ಅದಕ್ಕೆ ಗೊತ್ತಿತ್ತು. ಬನ್ನಿ, ಆದರೆ ಕಾಯಿರಿ ಅಂದಿತು. ಕಾಯಲು ಒಂದು ಜಾಗ ತೋರಿಸಿತು.

ನೆಲದ ಗಡಿಯಲ್ಲಿ ಇದನ್ನು ತುಂಬಾ ದೊಡ್ಡದಾಗಿ ಮಾಡಿ ತೋರಿಸಿದ್ದು ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯ. 18ನೇ ಶತಮಾನದಲ್ಲಿ ಪಕ್ಕದ ಒಟ್ಟೋಮನ್ ಅಂದರೆ ತುರ್ಕಿ ಸಾಮ್ರಾಜ್ಯದ ಗಡಿಯ ಉದ್ದಕ್ಕೂ, ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರಕ್ಕೆ, ಕಾವಲು ಮನೆಗಳು ನಿಂತವು. ನಡುನಡುವೆ ಕ್ವಾರಂಟೈನ್ ಠಾಣೆಗಳು. ಪ್ಲೇಗ್ ಸುದ್ದಿಯೇ ಇಲ್ಲದ ಕಾಲದಲ್ಲೂ 21 ದಿನ ಕಾಯಬೇಕು, ಅನುಮಾನ ಬಂದರೆ 42 ದಿನ. ಉಣ್ಣೆ, ಹತ್ತಿಯನ್ನು ಬಿಚ್ಚಿ ಗಾಳಿಗೆ ಹಾಕುತ್ತಿದ್ದರು. ಕಾಗದ ಪತ್ರಗಳಿಗೆ ಹೊಗೆ ಹಾಕುತ್ತಿದ್ದರು. ಕಳ್ಳದಾರಿಯಲ್ಲಿ ನುಸುಳಿದವರಿಗೆ ಗುಂಡು ಹೊಡೆಯುವ ಅಧಿಕಾರವೂ ಕಾವಲಿನವರಿಗಿತ್ತು. ಆ ಕ್ರೌರ್ಯವನ್ನು ನಾನು ಖಂಡಿತ ಒಪ್ಪುವುದಿಲ್ಲ. ಆದರೆ ಒಂದು ವಿಷಯ ಅವರಿಂದ ಕಲಿಯಬೇಕು. ಆಚೆ ಕಡೆ ಪ್ಲೇಗ್ ಎಲ್ಲಿದೆ, ಎಷ್ಟಿದೆ ಅಂತ ಅವರು ಸುದ್ದಿ ತರಿಸಿಕೊಳ್ಳುತ್ತಿದ್ದರು. ಸುದ್ದಿಗೆ ತಕ್ಕಂತೆ ಕಾಯುವ ದಿನ ಹೆಚ್ಚು ಕಡಿಮೆ ಆಗುತ್ತಿತ್ತು. 1871ರವರೆಗೂ ಈ ಏರ್ಪಾಡು ಇತ್ತು.

ಈಗ ಒಂದು ಸಣ್ಣ ಲೆಕ್ಕ. ಒಂದು ಸೋಂಕು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತಿದೆ ಅಂತಿಟ್ಟುಕೊಳ್ಳಿ. ಗಡಿಗೆ ಹತ್ತು ಜನ ಸೋಂಕಿತರು ಬಂದರು. ನೀವು ಒಂಬತ್ತು ಜನರನ್ನು ತಡೆದಿರಿ, ಒಬ್ಬರು ಮಾತ್ರ ಒಳಗೆ ಬಂದರು. ನೂರಕ್ಕೆ ತೊಂಬತ್ತು ಯಶಸ್ಸು, ದೊಡ್ಡ ಸಾಧನೆಯೇ. ಆ ಒಂದು ಮೂರು ದಿನಕ್ಕೆ ಎರಡಾಗುತ್ತದೆ, ಆರು ದಿನಕ್ಕೆ ನಾಲ್ಕು, ಒಂಬತ್ತು ದಿನಕ್ಕೆ ಎಂಟು. ಹತ್ತನೇ ದಿನ ಹತ್ತು. ಏನೂ ತಡೆಯದೇ ಇದ್ದಿದ್ದರೆ ಮೊದಲ ದಿನವೇ ಎಷ್ಟಿರುತ್ತಿತ್ತೋ ಅಷ್ಟೇ. ನಿಮಗೆ ಸಿಕ್ಕಿದ್ದು ಹತ್ತು ದಿನ. ನೂರಕ್ಕೆ ತೊಂಬತ್ತೊಂಬತ್ತು ಜನರನ್ನು ತಡೆದರೂ ಸಿಗುವುದು ಇಪ್ಪತ್ತು ದಿನ.

ವುಹಾನ್ ನಗರವನ್ನು 2020ರ ಜನವರಿ 23ರಂದು ಮುಚ್ಚಿದಾಗಲೂ ಇದೇ ಕಂಡಿತು. ಆ ಪ್ರಯಾಣ ನಿರ್ಬಂಧದಿಂದ ಚೀನಾದ ಒಳಗೆ ರೋಗದ ಓಟ ಮೂರರಿಂದ ಐದು ದಿನ ತಡವಾಯಿತು ಅಂತ ಸಂಶೋಧಕರ ಅಂದಾಜು ಹೇಳಿತು. ಹೊರದೇಶಗಳಿಗೆ ಹೋಗುವ ಸೋಂಕು ಫೆಬ್ರವರಿ ಮಧ್ಯದವರೆಗೆ ಸುಮಾರು ನೂರಕ್ಕೆ 80ರಷ್ಟು ಕಡಿಮೆಯಾಯಿತು. ಅಂದರೆ ಹೊರಗಿನವರಿಗೆ ಒಳ್ಳೆಯ ಸಮಯ ಸಿಕ್ಕಿತು. ಆ ಸಮಯದಲ್ಲಿ ಯಾವ ದೇಶ ಏನು ಮಾಡಿತು ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿತ್ತು.

ಹತ್ತು ದಿನ ಕಡಿಮೆ ಅಂತ ನಾನು ಹೇಳುತ್ತಿಲ್ಲ. ಹತ್ತು ದಿನದಲ್ಲಿ ಹಾಸಿಗೆ ಸಿದ್ಧ ಮಾಡಬಹುದು. ಟೆಸ್ಟ್ ಕಿಟ್ ತರಿಸಬಹುದು, ನರ್ಸ್‌ಗಳಿಗೆ ತರಬೇತಿ ಕೊಡಬಹುದು. ಗಡಿ ಮುಚ್ಚಿದ್ದೇವೆ ಅಂತ ಸುಮ್ನೆ ಕೂತರೆ ಮಾತ್ರ ಅಷ್ಟೂ ದಿನ ನೀರಿನಲ್ಲಿ ಹೋಮ ಮಾಡಿದ ಹಾಗೆ.

ಭೂತಾನ್ ಸುಮ್ನೆ ಕೂರಲಿಲ್ಲ. 2020ರ ಮಾರ್ಚ್ 23ಕ್ಕೆ ಗಡಿ ಮುಚ್ಚಿತು. ಆದರೆ ಹೊರಗಿದ್ದ ತನ್ನ ಜನರಿಗೆ ಬರಬೇಡಿ ಅನ್ನಲಿಲ್ಲ. ಬಂದವರನ್ನು 21 ದಿನ ಸರ್ಕಾರದ ಖರ್ಚಿನಲ್ಲೇ ಇಟ್ಟು ನೋಡಿಕೊಂಡಿತು. ಅಲ್ಲಿ ಕೋವಿಡ್‌ನಿಂದ ಮೊದಲ ಸಾವು ಆಗಿದ್ದು 2021ರ ಜನವರಿಯಲ್ಲಿ. ಇಷ್ಟೆಲ್ಲ ಮಾಡಿದರೂ 2020ರ ಆಗಸ್ಟ್‌ನಲ್ಲಿ ಗಡಿ ಊರಾದ ಫುಂಟ್‌ಶೋಲಿಂಗ್‌ನಲ್ಲಿ ಸೋಂಕು ಒಳಗೆ ಬಂತು. ಲಾರಿಯಿಂದ ಸಾಮಾನು ಇಳಿಸುವ ಜಾಗದಲ್ಲಿ, ಹೊರೆ ಹೊರುವವರ ನಡುವೆ. ಜನರ ಓಡಾಟ ನಿಲ್ಲಿಸಬಹುದು, ಅಕ್ಕಿ ಔಷಧಿ ನಿಲ್ಲಿಸಲಾಗುವುದಿಲ್ಲ. ಅವುಗಳ ಜೊತೆ ಒಬ್ಬ ಡ್ರೈವರ್ ಬರಲೇಬೇಕು. ಇಳಿಸಲು ಯಾರಾದರೂ ಕೈ ಹಾಕಲೇಬೇಕು.

ಸುತ್ತ ಸಮುದ್ರವಿರುವ ದೇಶದ ಕಥೆ ಬೇರೆ. ಅಲ್ಲಿ ಕೆಲವೇ ಬಂದರು, ಕೆಲವೇ ವಿಮಾನ ನಿಲ್ದಾಣ. ನೆಲದ ಗಡಿಗೆ ಲೆಕ್ಕವಿಲ್ಲದಷ್ಟು ಬಾಗಿಲು. ಹೊಲದ ಬದು ಇರುತ್ತದೆ, ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿರುವ ಹೊಳೆ ಇರುತ್ತದೆ. ಅಜ್ಜನ ಕಾಲದಿಂದ ಓಡಾಡಿದ ಕಾಲುದಾರಿ ಇರುತ್ತದೆ. ಆಚೆ ಅಕ್ಕನ ಮನೆ ಇರುತ್ತದೆ.

ದಕ್ಷಿಣ ಆಫ್ರಿಕಾ 2020ರ ಮಾರ್ಚ್‌ನಲ್ಲಿ ಜಿಂಬಾಬ್ವೆ ಗಡಿಯ ಬೈಟ್‌ಬ್ರಿಜ್ ಹತ್ತಿರ ಸುಮಾರು 40 ಕಿಲೋಮೀಟರ್ ಬೇಲಿ ಹಾಕಿಸಿತು. ಖರ್ಚು 3.7 ಕೋಟಿ ರಾಂಡ್. ಕೆಲವೇ ವಾರಗಳಲ್ಲಿ ಬೇಲಿಯನ್ನು ಹಲವು ಕಡೆ ಕತ್ತರಿಸಿ ಜನ ದಾಟತೊಡಗಿದ್ದರು. ಭಾರತ ಮತ್ತು ನೇಪಾಳದ ನಡುವೆ ಪಾಸ್‌ಪೋರ್ಟ್ ಇಲ್ಲದೆ ಓಡಾಡುವ ಗಡಿ ಇದೆ. ಅದೂ 2020ರ ಮಾರ್ಚ್‌ನಲ್ಲಿ ಮುಚ್ಚಿತು. ಭಾರತದಲ್ಲಿ ಕೂಲಿ ಮಾಡುತ್ತಿದ್ದ ನೇಪಾಳಿಗಳು ಧಾರ್ಚುಲಾದಲ್ಲಿ ಮಹಾಕಾಳಿ ನದಿಯ ಈಚೆ ದಡದಲ್ಲಿ ಸಿಕ್ಕಿಕೊಂಡರು. ಎದುರಿಗೆ ತಮ್ಮ ದೇಶ ಕಾಣುತ್ತಿತ್ತು. ಸೇತುವೆ ಮುಚ್ಚಿತ್ತು. ಕೆಲವರು ನದಿಗೆ ಹಾರಿ ಈಜಿದರು. ಆ ನದಿಯ ಸೆಳೆತ ನೋಡಿದವರಿಗೆ ಅದು ಎಂಥಾ ಅಪಾಯ ಅಂತ ಗೊತ್ತು.

ಕೆಲಸ ಹೋದವನಿಗೆ, ಬಾಡಿಗೆ ಕೊಡಲು ಆಗದವನಿಗೆ ಮನೆಗೆ ಹೋಗುವುದು ಬಿಟ್ಟು ಬೇರೆ ದಾರಿ ಇಲ್ಲ. ಅವನು ಹೊರಟೇ ಹೊರಡುತ್ತಾನೆ. ಗೇಟಿನಿಂದ ಬಂದರೆ ಅವನ ಹೆಸರು, ಊರು, ಜ್ವರ ಎಲ್ಲವೂ ನಮಗೆ ಗೊತ್ತಾಗುತ್ತದೆ. ಕಾಲುದಾರಿಯಿಂದ ಬಂದರೆ ಏನೂ ಗೊತ್ತಾಗುವುದಿಲ್ಲ. ಸಿಕ್ಕಿಬೀಳುವ ಹೆದರಿಕೆಯಿಂದ, ಜ್ವರ ಬಂದರೂ ಅವನು ಆಸ್ಪತ್ರೆಗೆ ಹೋಗುವುದಿಲ್ಲ. ಗಡಿಯನ್ನು ಪೂರ್ತಿ ಮುಚ್ಚುವುದರ ಬಗ್ಗೆ ನನ್ನ ದೊಡ್ಡ ತಕರಾರು ಇದೇ.

ಇನ್ನೊಂದು ತಕರಾರು ಸಾಲಿನ ಬಗ್ಗೆ. ಗಡಿಯಲ್ಲಿ ತಪಾಸಣೆ ಶುರುವಾದ ಕೂಡಲೇ ವಾಹನಗಳ ಸಾಲು ಬೆಳೆಯುತ್ತದೆ. 2020ರ ಮಾರ್ಚ್‌ನಲ್ಲಿ ಜರ್ಮನಿಯಿಂದ ಪೋಲೆಂಡ್‌ಗೆ ಹೋಗುವ ಹೆದ್ದಾರಿಯಲ್ಲಿ ಸಾಲು ಸುಮಾರು 60 ಕಿಲೋಮೀಟರ್ ಆಗಿತ್ತು. ಯುರೋಪಿಯನ್ ಒಕ್ಕೂಟ ಮಾರ್ಚ್ 23ರಂದು ಹಸಿರು ದಾರಿ ಅನ್ನುವ ಏರ್ಪಾಡು ಹೇಳಿತು: ಸರಕು ಲಾರಿಯ ತಪಾಸಣೆ 15 ನಿಮಿಷ ಮೀರಬಾರದು. ಕೀನ್ಯಾ ಮತ್ತು ಉಗಾಂಡಾ ನಡುವಿನ ಬುಸಿಯಾ, ಮಲಾಬಾ ಗೇಟುಗಳಲ್ಲಿ ಡ್ರೈವರ್‌ಗಳು ಟೆಸ್ಟ್ ವರದಿಗಾಗಿ ದಿನಗಟ್ಟಲೆ ಕಾದರು. ಲಾರಿಯಲ್ಲೇ ಊಟ, ಲಾರಿಯಲ್ಲೇ ನಿದ್ದೆ. ಅದರ ಮೇಲೆ ರೋಗ ತರುವವರು ಅನ್ನುವ ಹೆಸರು ಬೇರೆ. ಬೈಟ್‌ಬ್ರಿಜ್‌ನಲ್ಲಿ ಆ ವರ್ಷದ ಕೊನೆಗೆ ರಜೆಯ ಓಡಾಟವೂ ಸೇರಿ ಸಾವಿರಾರು ಜನ ಒತ್ತೊತ್ತಾಗಿ ನಿಂತರು. 2021ರ ಜನವರಿ 11ಕ್ಕೆ ದಕ್ಷಿಣ ಆಫ್ರಿಕಾ 20 ನೆಲದ ಗೇಟುಗಳನ್ನು ಮುಚ್ಚಿತು. ಸೋಂಕು ತಡೆಯಲು ಮಾಡಿದ ಜಾಗವೇ ಸೋಂಕು ಹರಡುವ ಜಾಗವಾದರೆ ಆ ತಪಾಸಣೆಯಿಂದ ಏನು ಬಂತು ಹೇಳಿ. ಗಡಿಯಲ್ಲಿ ಟೆಸ್ಟ್ ಮಾಡುತ್ತೀರಾದರೆ ಮೊದಲು ನೆರಳು, ನೀರು, ಶೌಚಾಲಯ, ಕೂರಲು ಅಂತರದ ಜಾಗ ಮಾಡಿ. ಜ್ವರ ನೋಡುವ ಯಂತ್ರ ಆಮೇಲೆ. ಆ ಯಂತ್ರಕ್ಕೆ ಇನ್ನೂ ಜ್ವರ ಬರದ ಸೋಂಕಿತರು ಕಾಣಿಸುವುದೂ ಇಲ್ಲ.

ಮುಚ್ಚಿದ ಗಡಿಯನ್ನು ತೆರೆಯುವುದು ಇನ್ನೂ ಕಷ್ಟ. ಅಮೆರಿಕ ಮತ್ತು ಕೆನಡಾ ನಡುವೆ 8,891 ಕಿಲೋಮೀಟರ್ ಗಡಿ. 2020ರ ಮಾರ್ಚ್ 21ರಿಂದ ಅಗತ್ಯವಲ್ಲದ ಪ್ರಯಾಣ ಬಂದ್ ಆಯಿತು. ಮೊದಲು ಹೇಳಿದ್ದು ಒಂದು ತಿಂಗಳು. ಆಮೇಲೆ ಪ್ರತಿ ತಿಂಗಳೂ ಇನ್ನೊಂದು ತಿಂಗಳು. ಲಸಿಕೆ ಹಾಕಿಸಿಕೊಂಡ ಅಮೆರಿಕನ್ನರಿಗೆ ಕೆನಡಾ ಬಾಗಿಲು ತೆರೆದಿದ್ದು 2021ರ ಆಗಸ್ಟ್ 9ಕ್ಕೆ. ಅಮೆರಿಕ ತನ್ನ ನೆಲದ ಗೇಟು ತೆರೆದಿದ್ದು ನವೆಂಬರ್ 8ಕ್ಕೆ. ಇಷ್ಟೂ ಕಾಲ ಕೆನಡಾದವರು ವಿಮಾನದಲ್ಲಿ ಅಮೆರಿಕಕ್ಕೆ ಹೋಗಬಹುದಿತ್ತು! ಒಬ್ಬರೇ ಕಾರಿನಲ್ಲಿ ಕೂತು ಹೋಗುವಂತಿಲ್ಲ, ನೂರು ಜನರ ಜೊತೆ ವಿಮಾನದಲ್ಲಿ ಹೋಗಬಹುದು. ಇದಕ್ಕೆ ಆರೋಗ್ಯದ ಕಾರಣ ಹುಡುಕಿದರೆ ನನಗೆ ಸಿಗುವುದಿಲ್ಲ.

ಆ ಗಡಿಯಲ್ಲಿ ಪಾಯಿಂಟ್ ರಾಬರ್ಟ್ಸ್ ಅಂತ ಒಂದು ಪುಟ್ಟ ಊರಿದೆ. ಊರು ಅಮೆರಿಕದ್ದು, ಆದರೆ ಮೂರು ಕಡೆ ನೀರು, ನಾಲ್ಕನೇ ಕಡೆ ಕೆನಡಾ. ರಸ್ತೆಯಲ್ಲಿ ತಮ್ಮದೇ ದೇಶಕ್ಕೆ ಹೋಗಬೇಕಾದರೂ ಕೆನಡಾ ದಾಟಿ ಹೋಗಬೇಕು. ನಕ್ಷೆ ಮುಂದಿಟ್ಟುಕೊಂಡು ರಾಜಧಾನಿಯಲ್ಲಿ ಆದೇಶ ಬರೆಯುವಾಗ ಇಂಥಾ ಊರು ಕಣ್ಣಿಗೆ ಬೀಳುವುದಿಲ್ಲ. ಲಕ್ಸೆಂಬರ್ಗ್‌ನ ಸ್ಥಿತಿ ಇನ್ನೂ ಸೂಕ್ಷ್ಮ. ಅಲ್ಲಿ ಕೆಲಸ ಮಾಡುವವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ದಿನಾ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಯಿಂದ ಬರುವವರು. ಆಸ್ಪತ್ರೆ ಸಿಬ್ಬಂದಿಯಲ್ಲೂ ಅವರ ಪಾಲು ದೊಡ್ಡದು. ಗಡಿ ಪೂರ್ತಿ ಮುಚ್ಚಿದರೆ ರೋಗಿಗಳಿಗೆ ನರ್ಸ್ ಇರುವುದಿಲ್ಲ.

ನಿಯಮ ಇಲ್ಲ ಅಂತೇನಿಲ್ಲ. 2005ರಲ್ಲಿ ಒಪ್ಪಿ 2007ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳಿಗೆ 196 ದೇಶಗಳು ಸೇರಿವೆ. ರೋಗ ತಡೆಯಿರಿ, ಆದರೆ ಬೇಕಿಲ್ಲದೆ ಓಡಾಟಕ್ಕೆ, ವ್ಯಾಪಾರಕ್ಕೆ ಅಡ್ಡಿ ಮಾಡಬೇಡಿ ಅನ್ನುವುದು ಅದರ ತಿರುಳು. ಓಡಾಟಕ್ಕೆ ದೊಡ್ಡ ಅಡ್ಡಿಯಾಗುವ ಹೆಚ್ಚುವರಿ ಕ್ರಮ ತೆಗೆದುಕೊಂಡರೆ 48 ಗಂಟೆಯೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು, ಕಾರಣ ಕೊಡಬೇಕು. ಮೂರು ತಿಂಗಳೊಳಗೆ ಅದನ್ನು ಮತ್ತೆ ಪರಿಶೀಲಿಸಬೇಕು. ಒಳ್ಳೆಯ ನಿಯಮ. ಪಾಲಿಸದಿದ್ದರೆ ಕೇಳುವವರಿಲ್ಲ ಅನ್ನುವುದೇ ಅದರ ಕೊರತೆ.

ಹಾಗಾದರೆ ಗೇಟು ತೆರೆದಿಟ್ಟು ರೋಗ ತಡೆದವರು ಇದ್ದಾರಾ? ಇದ್ದಾರೆ. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ. ಅಕ್ಕಪಕ್ಕದ ಹಲವು ದೇಶಗಳು ಗಡಿ ಮುಚ್ಚಿದವು. ಮಾಲಿ ಮುಚ್ಚಲಿಲ್ಲ. ಅಕ್ಟೋಬರ್‌ನಲ್ಲಿ ಗಿನಿಯಿಂದ ಎರಡು ವರ್ಷದ ಮಗುವೊಂದನ್ನು ಬಸ್ಸಿನಲ್ಲಿ ಮಾಲಿಗೆ ಕರೆತಂದರು. ಮಗುವಿಗೆ ಎಬೋಲಾ ಇತ್ತು, ಉಳಿಯಲಿಲ್ಲ. ಆ ಬಸ್ಸುಗಳಲ್ಲಿ ಕೂತವರನ್ನು, ಮಗುವನ್ನು ಮುಟ್ಟಿದವರನ್ನು ಹುಡುಕಿ ಹುಡುಕಿ ದಿನಾ ನೋಡಿಕೊಂಡರು. ಆಮೇಲೆ ಬೇರೆ ದಾರಿಯಿಂದ ಇನ್ನೊಮ್ಮೆ ಸೋಂಕು ಬಂತು. ಆಗಲೂ ಹಾಗೇ ಮಾಡಿದರು. ಒಟ್ಟು ಎಂಟು ಪ್ರಕರಣ, ಆರು ಸಾವು. 2015ರ ಜನವರಿಗೆ ಮಾಲಿ ಎಬೋಲಾದಿಂದ ಪಾರಾಗಿತ್ತು. ಎಬೋಲಾ ಮತ್ತು ಕೋವಿಡ್ ಒಂದೇ ಅಲ್ಲ, ನಿಜ. ಎಬೋಲಾ ಇರುವವರು ಲಕ್ಷಣ ಕಾಣುವ ಮೊದಲು ಅದನ್ನು ಹರಡುವುದಿಲ್ಲ, ಹಾಗಾಗಿ ಬೆನ್ನು ಹತ್ತುವುದು ಸುಲಭ. ಆದರೂ ಎರಡರಲ್ಲೂ, ಯಾರು ಎಲ್ಲಿಂದ ಬಂದರು ಅಂತ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ನನ್ನನ್ನು ಕೇಳಿದರೆ, ಗಡಿ ಬಿಗಿ ಮಾಡುವುದಾದರೆ ಬೇಗ ಮಾಡಿ. ಒಳಗೆ ಸೋಂಕು ಹರಡಿದ ಮೇಲೆ ಮುಚ್ಚಿ ಲಾಭವಿಲ್ಲ. ಮುಗಿಯುವ ತಾರೀಖನ್ನು ಮೊದಲ ದಿನವೇ ಹೇಳಿ. ಹೆರಿಗೆ, ಸಾವು, ಚಿಕಿತ್ಸೆ, ಕೂಲಿಗೆ ಹೋಗುವವರಿಗೆ ಬಾಗಿಲಿರಲಿ. ಮನೆಗೆ ಬರುತ್ತಿರುವ ನಿಮ್ಮದೇ ಜನರನ್ನು ಯಾವತ್ತೂ ದಡದಲ್ಲಿ ನಿಲ್ಲಿಸಬೇಡಿ. ಮತ್ತು ಆಚೆ ಕಡೆಯ ಆರೋಗ್ಯ ಅಧಿಕಾರಿಯ ಫೋನ್ ನಂಬರ್ ರೋಗ ಬರುವ ಮೊದಲೇ ನಿಮ್ಮ ಹತ್ತಿರ ಇರಲಿ.

ಈ ಕೊನೆಯ ಮಾತು ಯಾಕೆ ಹೇಳಿದೆ ಅಂದರೆ, 2019ರ ಜೂನ್‌ನಲ್ಲಿ ಹೀಗಾಯಿತು. ಕಾಂಗೋದಲ್ಲಿ ಎಬೋಲಾ ಇತ್ತು. ಉಗಾಂಡಾ ಗಡಿ ಮುಚ್ಚಿರಲಿಲ್ಲ, ಗೇಟಿನಲ್ಲಿ ತಪಾಸಣೆ ನಡೆಯುತ್ತಿತ್ತು. ತನ್ನ ಗಡಿ ಜಿಲ್ಲೆಗಳ ಸಾವಿರಾರು ಆರೋಗ್ಯ ಸಿಬ್ಬಂದಿಗೆ ಅದು ಮೊದಲೇ ಲಸಿಕೆ ಹಾಕಿಸಿತ್ತು. ಸೋಂಕು ತಗುಲಿದ್ದ ಒಂದು ಕುಟುಂಬ ಗೇಟು ತಪ್ಪಿಸಿ ಕಾಲುದಾರಿಯಲ್ಲಿ ಉಗಾಂಡಾಕ್ಕೆ ಬಂತು. ಅವರು ಕಾಣೆಯಾಗಿದ್ದು ಗೊತ್ತಾದ ಕೂಡಲೇ ಕಾಂಗೋದ ಅಧಿಕಾರಿಗಳು ಉಗಾಂಡಾಕ್ಕೆ ಸುದ್ದಿ ಕೊಟ್ಟರು. ಐದು ವರ್ಷದ ಹುಡುಗ, ಅವನ ಅಜ್ಜಿ, ಮೂರು ವರ್ಷದ ತಮ್ಮ ತೀರಿಕೊಂಡರು. ಅವರನ್ನು ನೋಡಿಕೊಂಡ ನರ್ಸ್‌ಗಳಿಗೆ ಸೋಂಕು ತಗುಲಲಿಲ್ಲ. ಆ ಮನೆಯವರಿಂದ ಉಗಾಂಡಾದಲ್ಲಿ ಬೇರೆ ಯಾರಿಗೂ ಹರಡಲಿಲ್ಲ.