ಎಣಿಕೆಯ ನಿಯಮವೇ ಗೆಲ್ಲಿಸಿದಾಗ

ಕೇಳುಗರಿಗೆ ನಮಸ್ಕಾರ.

ಮೂವರು ಅಭ್ಯರ್ಥಿಗಳು, ನೂರು ಮತ ಅಂತಿಟ್ಟುಕೊಳ್ಳಿ. ಮೊದಲನೆಯವರಿಗೆ 40, ಎರಡನೆಯವರಿಗೆ 35, ಮೂರನೆಯವರಿಗೆ 25. ಬ್ರಿಟನ್ನಿನ ಸಂಸತ್ ಚುನಾವಣೆಯಾದರೆ ಕೆಲಸ ಇಲ್ಲಿಗೇ ಮುಗಿಯಿತು, 40 ಪಡೆದವರು ಗೆದ್ದರು. ಉಳಿದ ಅರವತ್ತು ಮಂದಿಗೆ ಅವರು ಬೇಡವಾಗಿದ್ದರೂ ಅದನ್ನು ಕೇಳುವವರಿಲ್ಲ.

ಇವೇ ಮತಗಳು ಆಸ್ಟ್ರೇಲಿಯಾದ ಕೆಳಮನೆಯ ಚುನಾವಣೆಯಲ್ಲಿ ಬಿದ್ದರೆ ಎಣಿಕೆ ಆಗಷ್ಟೇ ಶುರು. ಅಲ್ಲಿ 1918ರಿಂದ ಪ್ರಾಶಸ್ತ್ಯದ ಮತ. ಮತದಾರರು ಪ್ರತಿ ಹೆಸರಿನ ಪಕ್ಕದ ಚೌಕದಲ್ಲಿ 1, 2, 3 ಎಂದು ತಮ್ಮ ಇಷ್ಟದ ಕ್ರಮ ಬರೆಯಬೇಕು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ 25 ಚೀಟಿಗಳನ್ನು ಅವುಗಳಲ್ಲಿರುವ ಎರಡನೇ ಪ್ರಾಶಸ್ತ್ಯದಂತೆ ಹಂಚುತ್ತಾರೆ. ಅವುಗಳಲ್ಲಿ 17 ಎರಡನೆಯವರಿಗೆ, 8 ಮೊದಲನೆಯವರಿಗೆ ಹೋದವು ಅನ್ನಿ. ಈಗ 52ಕ್ಕೆ 48, ಗೆದ್ದವರೇ ಬೇರೆ! ಒಂದು ಮತವೂ ಬದಲಾಗಿಲ್ಲ ಎಂಬುದನ್ನು ಗಮನಿಸಿ.

ತೊಂದರೆ ಬರುವುದು ಚೀಟಿ ತುಂಬುವಲ್ಲಿ. 2 ಅನ್ನು ಎರಡು ಕಡೆ ಬರೆದರೆ ಮತ ಅಸಿಂಧು. ನ್ಯೂ ಸೌತ್ ವೇಲ್ಸ್ ರಾಜ್ಯದ ಕೆಳಮನೆ ಚುನಾವಣೆಯಲ್ಲಿ ಬರೀ 1 ಬರೆದರೂ ನಡೆಯುತ್ತದೆ. ಹಲವು ಅಭ್ಯರ್ಥಿಗಳಿರುವ ರಾಷ್ಟ್ರೀಯ ಚುನಾವಣೆಯಲ್ಲೂ ಅಷ್ಟೇ ಬರೆದು ಬಂದರೆ ಚೀಟಿ ಎಣಿಕೆಗೇ ಬರುವುದಿಲ್ಲ.

ಐರ್ಲೆಂಡ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿನ ಕೆಳಮನೆಗೆ ಒಂದೊಂದು ಕ್ಷೇತ್ರದಿಂದ ಮೂರರಿಂದ ಐದು ಜನ ಆರಿಸಿ ಬರುತ್ತಾರೆ. ನಾಲ್ಕು ಸ್ಥಾನಗಳಿಗೆ 50,000 ಸಿಂಧು ಮತಗಳಿದ್ದರೆ, ಅದನ್ನು ಐದರಿಂದ ಭಾಗಿಸಿ ಒಂದು ಕೂಡಿಸಿ. 10,001 ಬಂತು, ಅದೇ ಗೆಲುವಿನ ಕೋಟಾ. ನಾಲ್ಕರ ಬದಲು ಐದರಿಂದ ಏಕೆ? 10,001 ಮತ ಐದು ಮಂದಿಗೆ ಸಿಗಬೇಕಾದರೆ 50,005 ಬೇಕು, ಅಷ್ಟು ಇಲ್ಲವೇ ಇಲ್ಲ. ಹಾಗಾಗಿ ಕೋಟಾ ಮುಟ್ಟುವವರು ನಾಲ್ವರನ್ನು ಮೀರಲಾರರು. 12,001 ಪಡೆದವರ ಹೆಚ್ಚುವರಿ 2,000 ಮತಗಳು ಮುಂದಿನ ಪ್ರಾಶಸ್ತ್ಯದವರಿಗೆ ಅನುಪಾತದಂತೆ ಹೋಗುತ್ತವೆ. ಎಲ್ಲವೂ ಕಾಗದದ ಚೀಟಿಗಳೇ, ಎಣಿಕೆ ದಿನಗಟ್ಟಲೆ ಎಳೆಯುವುದುಂಟು. ಆದರೂ ನನ್ನ ಮಟ್ಟಿಗೆ ಮತ ಪೋಲಾಗದಂತೆ ನೋಡಿಕೊಳ್ಳುವುದರಲ್ಲಿ ಇದನ್ನು ಮೀರಿಸುವ ಪದ್ಧತಿ ಕಡಿಮೆ.

ಫ್ರಾನ್ಸಿನವರು ಅಧ್ಯಕ್ಷರನ್ನು ಆರಿಸುವಾಗ ಚೀಟಿಯಲ್ಲಿ ಕ್ರಮ ಬರೆಯುವುದಿಲ್ಲ. ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬಾರದಿದ್ದರೆ ಮೊದಲಿಬ್ಬರ ನಡುವೆ ಎರಡು ವಾರಗಳ ನಂತರ ಮತ್ತೆ ಮತದಾನ. ಹದಿನಾರು ಮಂದಿ ಕಣದಲ್ಲಿದ್ದ 2002ರಲ್ಲಿ ಎಡಪಂಥದ ಮತಗಳು ಹಲವರ ಪಾಲಾದವು. ಪ್ರಧಾನಿಯಾಗಿದ್ದ ಸಮಾಜವಾದಿ ಜೋಸ್ಪ್ಯಾಂ ಒಂದು ಶೇಕಡಾಕ್ಕೂ ಕಡಿಮೆ ಅಂತರದಲ್ಲಿ ಮೂರನೆಯವರಾಗಿ ಹೊರಬಿದ್ದು, ತೀವ್ರ ಬಲಪಂಥದ ಲೆ ಪೆನ್ ಎರಡನೇ ಸುತ್ತಿಗೆ ಬಂದರು. ಆಗ ಎಡಪಂಥದ ಬಹಳಷ್ಟು ಮತದಾರರು ತಮ್ಮ ಎದುರಾಳಿ, ಆಗ ಅಧ್ಯಕ್ಷರಾಗಿದ್ದ ಬಲಪಂಥದ ಶಿರಾಕ್ ಅವರಿಗೇ ಮತ ಹಾಕಿದರು. ಮೊದಲ ಸುತ್ತಿನಲ್ಲಿ ಶೇಕಡಾ 20ನ್ನೂ ಮುಟ್ಟದಿದ್ದ ಶಿರಾಕ್ ಎರಡನೇ ಸುತ್ತಿನಲ್ಲಿ ಶೇಕಡಾ 82 ದಾಟಿದರು.