ದೋಣಿ ಎಳೆಯುವಾಗ ಎಷ್ಟು ವೇಗ?

ಕೇಳುಗರಿಗೆ ನಮಸ್ಕಾರ.

ಕಾರಿನ ಹಿಂದೆ ದೋಣಿಯ ಟ್ರೈಲರ್ ಕಟ್ಟಿಕೊಂಡು ಹೆದ್ದಾರಿಗೆ ಇಳಿಯುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಎಷ್ಟು ವೇಗದಲ್ಲಿ ಹೋಗಬಹುದು? ಈಗಿನ ಎಂಜಿನ್‌ಗಳು ಬಲಶಾಲಿ. ಹಿಂದೆ ದೋಣಿ ಇದೆ ಅನ್ನೋದೇ ಮರೆತುಹೋಗುವಷ್ಟು ಸಲೀಸಾಗಿ ಎಳೆದುಬಿಡುತ್ತವೆ. ಕಾಲು ತಾನಾಗಿಯೇ ಆಕ್ಸಿಲರೇಟರ್ ಮೇಲೆ ಭಾರ ಬಿಡುತ್ತದೆ. ಅಪಾಯ ಇರುವುದು ಇಲ್ಲೇ. ವೇಗವನ್ನು ಹಿಂದಿನ ಟ್ರೈಲರ್ ನೋಡಿ ನಿಶ್ಚಯಿಸಬೇಕು. ಅದರ ಟೈರು, ಬೇರಿಂಗು, ಬ್ರೇಕು, ಹೊರೆ ಕೂರಿಸಿದ ರೀತಿ, ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ದುರ್ಬಲವೋ ಅದು ತಾಳುವಷ್ಟೇ ನಮ್ಮ ವೇಗ.

ಕಾನೂನಿನ ಮಾತನ್ನು ಮೊದಲು ಮುಗಿಸಿಬಿಡೋಣ. ಟ್ರೈಲರ್ ಎಳೆಯುವ ವಾಹನಕ್ಕೆ ಹಲವು ಕಡೆ ಬೇರೆಯೇ ಮಿತಿ ಇದೆ. ಜರ್ಮನಿಯಲ್ಲಿ ಗಂಟೆಗೆ 80 ಕಿಲೋಮೀಟರ್. ವಿಶೇಷ ಅನುಮತಿ ಪಡೆದ ಕಾರು-ಟ್ರೈಲರ್ ಜೋಡಿಗೆ 100, ಅದಕ್ಕೂ ಟ್ರೈಲರ್‌ನ ಟೈರು ಆರು ವರ್ಷ ದಾಟಿರಬಾರದು ಎಂಬ ಷರತ್ತಿದೆ. ಬ್ರಿಟನ್ನಿನ ಮೋಟಾರುಮಾರ್ಗಗಳಲ್ಲಿ 60 ಮೈಲಿ, ಅಂದರೆ ಸುಮಾರು 96 ಕಿಲೋಮೀಟರ್. ಕ್ಯಾಲಿಫೋರ್ನಿಯಾದಲ್ಲಿ 55 ಮೈಲಿ, ಸುಮಾರು 88. ಮೂರು ಕಡೆಯ ಅಂಕಿಗಳೂ 80ರಿಂದ 100ರ ನಡುವೆಯೇ ಬಂದು ನಿಲ್ಲುತ್ತವೆ. ಅದಕ್ಕೆ ಕಾರಣವಿದೆ.

ಟೈರಿನಿಂದ ಶುರು ಮಾಡೋಣ. ಸಣ್ಣ ದೋಣಿಯ ಟ್ರೈಲರಿಗೆ ಸಣ್ಣ ಚಕ್ರ. 53 ಸೆಂಟಿಮೀಟರ್ ಎತ್ತರದ ಚಕ್ರ 100ರ ವೇಗದಲ್ಲಿ ನಿಮಿಷಕ್ಕೆ ಸುಮಾರು ಸಾವಿರ ಸುತ್ತು ಸುತ್ತುತ್ತದೆ. ಕಾರಿನ ದೊಡ್ಡ ಚಕ್ರಕ್ಕೆ ಎಂಟುನೂರು ಸುತ್ತಿನ ಆಸುಪಾಸು ಸಾಕು. ಪ್ರತಿ ಸುತ್ತಿಗೂ ರಬ್ಬರು ಒಮ್ಮೆ ಬಾಗಿ ಮತ್ತೆ ನೇರವಾಗುತ್ತದೆ, ಬಿಸಿಯೇರುತ್ತದೆ. ಗಾಳಿ ಕಡಿಮೆ ಇದ್ದರೆ ಬಾಗುವುದೂ ಹೆಚ್ಚು, ಬಿಸಿಯೂ ಹೆಚ್ಚು. ಟೈರು ಸಿಡಿಯುವುದರ ಹಿಂದೆ ಬಹಳ ಸಲ ಇರುವುದು ಈ ಬಿಸಿಯೇ.

ಟೈರಿನ ಮಗ್ಗುಲನ್ನು ಒಮ್ಮೆ ಓದಿ ನೋಡಿ. ಅಳತೆಯ ಅಂಕಿಗಳ ಕೊನೆಯಲ್ಲಿ ವೇಗ ಸೂಚಿಸುವ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ: ಜೆ ಅಂದರೆ 100 ಕಿಲೋಮೀಟರ್, ಎಲ್ ಅಂದರೆ 120, ಎಂ ಅಂದರೆ 130. ಅಮೆರಿಕದಲ್ಲಿ ಟ್ರೈಲರಿಗೆಂದೇ ಮಾಡಿದ ಹಳೆಯ ಬಗೆಯ ಟೈರುಗಳಿಗೆ, ಬೇರೆ ಗುರುತು ಇಲ್ಲದಿದ್ದರೆ, 65 ಮೈಲಿಯೇ ಮಿತಿ ಎಂದು ಹಿಡಿಯುತ್ತಾರೆ. ಅಲ್ಲೇ ನಾಲ್ಕು ಅಂಕಿಯ ಇನ್ನೊಂದು ಗುರುತು ಇದ್ದೀತು. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು. ದೋಣಿಯ ಟ್ರೈಲರ್ ವರ್ಷದಲ್ಲಿ ಬಹುಪಾಲು ನಿಂತೇ ಇರುತ್ತದೆ, ಹಾಗಾಗಿ ಟೈರಿನ ಪಟ್ಟಿ ಸವೆದಿರುವುದಿಲ್ಲ, ಕಣ್ಣಿಗೆ ಹೊಸದರಂತೆ ಕಾಣುತ್ತದೆ. ಒಳಗೆ ರಬ್ಬರಿಗೆ ವಯಸ್ಸಾಗಿರುತ್ತದೆ. ಮಗ್ಗುಲಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಟೈರನ್ನು ಹೆದ್ದಾರಿಗೆ ತರಬೇಡಿ.

ಇನ್ನು ಓಲಾಟದ ವಿಚಾರ. ಟ್ರೈಲರ್ ಎಡಕ್ಕೂ ಬಲಕ್ಕೂ ತೂಗಾಡಲು ಶುರುವಾದರೆ ಎಂಥ ಅನುಭವಿ ಚಾಲಕನಿಗೂ ಎದೆ ಝಲ್ಲೆನ್ನುತ್ತದೆ. ಕಾರು ಮತ್ತು ಟ್ರೈಲರ್‌ನ ಪ್ರತಿ ಜೋಡಿಗೂ ಒಂದು ವೇಗ ಇರುತ್ತದೆ. ಅದಕ್ಕಿಂತ ಕೆಳಗಿದ್ದರೆ ಓಲಾಟ ತಾನಾಗಿ ಅಡಗುತ್ತದೆ. ಮೇಲೆ ಹೋದರೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಆ ಗಡಿ ಎಲ್ಲಿದೆ ಎಂದು ಯಾವ ಫಲಕದಲ್ಲೂ ಬರೆದಿರುವುದಿಲ್ಲ. ಅದನ್ನು ಮೇಲಕ್ಕೆ ತಳ್ಳುವುದು ಮಾತ್ರ ನಮ್ಮ ಕೈಲಿದೆ, ಹೊರೆಯನ್ನು ಸರಿಯಾಗಿ ಕೂರಿಸುವುದರಿಂದ.

ದೋಣಿಯಲ್ಲಿ ತೊಡಕು ಏನೆಂದರೆ, ಮೋಟಾರು, ಬ್ಯಾಟರಿ, ಇಂಧನದ ಟ್ಯಾಂಕು ಎಲ್ಲವೂ ಹಿಂಭಾಗದಲ್ಲೇ ಸೇರಿಕೊಳ್ಳುವುದು ಹೆಚ್ಚು. ನೂರು ಲೀಟರ್ ಪೆಟ್ರೋಲ್ ಅಂದರೇ ಸುಮಾರು 75 ಕಿಲೋ ಭಾರ. ಹಿಂದೆ ಭಾರ ಹೆಚ್ಚಾದಷ್ಟೂ ಕಾರಿನ ಕೊಂಡಿಯ ಮೇಲಿನ ಒತ್ತು ಹಗುರವಾಗುತ್ತದೆ, ಓಲಾಟಕ್ಕೆ ದಾರಿಯಾಗುತ್ತದೆ. ಒಟ್ಟು ತೂಕದ ಶೇಕಡ 10ರ ಆಸುಪಾಸು ಕೊಂಡಿಯ ಮೇಲೆ ಇರಲಿ ಎಂಬುದು ಅಮೆರಿಕದ ರೂಢಿ. ಯೂರೋಪಿನಲ್ಲಿ ಇನ್ನೂ ಕಡಿಮೆ ಇಡುತ್ತಾರೆ. ನಿಮ್ಮ ಕಾರಿನ ಕೈಪಿಡಿ ಹೇಳುವ ಮಿತಿಯನ್ನು ಮಾತ್ರ ಮೀರಬಾರದು. ಹೊರಡುವ ಮುಂಚೆ ದೋಣಿಯ ತಳದಲ್ಲಿ ನಿಂತ ನೀರನ್ನು ಪೂರ್ತಿ ಬಸಿದುಬಿಡಿ. ತುಳುಕಾಡುವ ನೀರಿನಷ್ಟು ಕೆಟ್ಟ ಹೊರೆ ಮತ್ತೊಂದಿಲ್ಲ.

ಹೀಗಿದ್ದೂ ಓಲಾಟ ಬಂದರೆ ಕಾಲನ್ನು ಆಕ್ಸಿಲರೇಟರ್‌ನಿಂದ ತೆಗೆಯಿರಿ, ಸ್ಟಿಯರಿಂಗನ್ನು ನೇರವಾಗಿ ಗಟ್ಟಿ ಹಿಡಿಯಿರಿ, ವೇಗ ತಾನಾಗಿ ಇಳಿಯಲಿ. ಓಲಾಟಕ್ಕೆ ಎದುರಾಗಿ ಸ್ಟಿಯರಿಂಗ್ ತಿರುಗಿಸಿದರೆ ಅದಕ್ಕೆ ಇನ್ನಷ್ಟು ಜೋರು ಕೊಟ್ಟ ಹಾಗೆ. ವೇಗ ಹೆಚ್ಚಿಸಿದರೆ ಟ್ರೈಲರ್ ನೇರವಾಗುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ, ಅದು ಪ್ರಾಣಕ್ಕೆ ಕುತ್ತು ತರುವ ಸಲಹೆ.

ಇಳಿಜಾರಿನಲ್ಲಿ ವಿಶೇಷ ಎಚ್ಚರ ಬೇಕು. ಗಮನಕ್ಕೆ ಬಾರದೆಯೇ ಮುಳ್ಳು 80ರಿಂದ 100ಕ್ಕೆ ಏರಿರುತ್ತದೆ. ವೇಗ ಹೆಚ್ಚಿದ್ದು ಕಾಲು ಭಾಗ, ಆದರೆ ಬ್ರೇಕು ಅರಗಿಸಿಕೊಳ್ಳಬೇಕಾದ ಶಕ್ತಿ ಒಂದೂವರೆ ಪಟ್ಟಿಗೂ ಮಿಗಿಲಾಗಿರುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಇಳಿಯುವ ಮೊದಲೇ ಗೇರ್ ತಗ್ಗಿಸಿ, ನಿಧಾನವಾಗಿಯೇ ಇಳಿಯಲು ತೊಡಗಿ.

ಹಾಗಾದರೆ ಎಷ್ಟು? ನನ್ನನ್ನು ಕೇಳಿದರೆ, ಒಣ ರಸ್ತೆ, ಶಾಂತ ಗಾಳಿ, ಒಳ್ಳೆಯ ಟೈರು ಇದ್ದಾಗ, ಕಾನೂನು ಒಪ್ಪಿದರೆ, 80ರಿಂದ 90. ಮಳೆ ಬಂದರೆ, ಅಡ್ಡಗಾಳಿ ಬೀಸಿದರೆ 70ಕ್ಕೆ, ಇನ್ನೂ ಕೆಳಕ್ಕೆ ಇಳಿಯಿರಿ. ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋಗುವಾಗ ಅದರ ಗಾಳಿ ಮೊದಲು ಹೊರಕ್ಕೆ ತಳ್ಳುತ್ತದೆ, ಆಮೇಲೆ ಒಳಕ್ಕೆ ಸೆಳೆಯುತ್ತದೆ. ಮೆಲ್ಲಗೆ ಹೋಗುತ್ತಿದ್ದರೆ ಆ ತಳ್ಳಾಟ ತಡೆದುಕೊಳ್ಳುವುದು ಸುಲಭ. ನಿಧಾನದ ಲೇನಿನಲ್ಲೇ ಇರಿ, ಮುಂದಿನ ವಾಹನಕ್ಕೆ ನಾಲ್ಕು ಸೆಕೆಂಡಿಗೂ ಹೆಚ್ಚು ಅಂತರ ಬಿಡಿ. ಹೊತ್ತಾಗುತ್ತದೆ ಎಂಬ ಚಿಂತೆಯೇ? 300 ಕಿಲೋಮೀಟರ್ ದಾರಿಗೆ 100ರ ಬದಲು 90ರಲ್ಲಿ ಹೋದರೆ ಹೆಚ್ಚಿಗೆ ತಗಲುವುದು ಇಪ್ಪತ್ತು ನಿಮಿಷ.

ಬೇರಿಂಗಿನ ಮಾತು ಉಳಿದಿದೆ. ದೋಣಿ ಇಳಿಸುವಾಗ ಟ್ರೈಲರಿನ ಚಕ್ರವೂ ನೀರಿಗೆ ಇಳಿಯುತ್ತದೆ. ಓಡಿ ಬಿಸಿಯಾದ ಹಬ್, ಅಂದರೆ ಬೇರಿಂಗು ಕೂರುವ ಚಕ್ರದ ನಡುಭಾಗ, ತಟ್ಟನೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ. ಗ್ರೀಸು ಬಿಳಿಚಿಕೊಂಡಿದ್ದರೆ ನೀರು ಸೇರಿದೆ ಎಂದೇ ತಿಳಿಯಿರಿ. ಅಂಥ ಬೇರಿಂಗು ಹೆದ್ದಾರಿಯ ವೇಗವನ್ನು ಹೆಚ್ಚು ದೂರ ತಾಳಲಾರದು. ಹೊರಟು ಇಪ್ಪತ್ತು ಮೂವತ್ತು ಕಿಲೋಮೀಟರ್ ಆದ ಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ದೋಣಿಯ ಪಟ್ಟಿಗಳು ಸಡಿಲಾಗಿವೆಯೇ ನೋಡಿ, ಎರಡೂ ಹಬ್ಬುಗಳ ಹತ್ತಿರ ಅಂಗೈ ಹಿಡಿದು ನೋಡಿ. ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಮುಟ್ಟಲಾಗದಷ್ಟು ಸುಡುತ್ತಿದ್ದರೆ ಬೇರಿಂಗು ಕೆಟ್ಟಿದೆ, ಇಲ್ಲವೇ ಬ್ರೇಕು ಹಿಡಿದುಕೊಂಡಿದೆ. ಅಲ್ಲಿಂದ ಮುಂದಕ್ಕೆ ನಿಧಾನವಾಗಿಯೂ ಹೋಗಬೇಡಿ. ಮೆಕ್ಯಾನಿಕ್ಕನ್ನು ಅಲ್ಲಿಗೇ ಕರೆಸಿ.

ನಮಸ್ಕಾರ.